ಕಳೆದುಹೋಗಿವೆ ಎಂದು ಬರೆಸಿದ ಪುಸ್ತಕಗಳು

ನೋಟರಿ ಇತುರಾಲ್ದೆ ಸತ್ತ ಮುಂದಿನ ಬೇಸಿಗೆಯಲ್ಲಿ ಅವನ ಮಗಳು ಕೊನ್ಸುಯೇಲೊ ರೊಸಾರಿಯೊ ನಗರದಿಂದ ಬಂದು ಮನೆಯ ಸಾಮಾನನ್ನೆಲ್ಲ ಮಾರಾಟಕ್ಕಿಟ್ಟಳು. ನಮ್ಮ ಲಾಸ್ ಸೌಸೆಸ್‌ನಲ್ಲಿ ಅಂಥ ದೊಡ್ಡ ಮನೆ ಅದೊಂದೇ. ಕೊಳ್ಳುವ ಮನಸ್ಸಿಲ್ಲದವರೂ ಒಳಗೆ ಹೇಗಿದೆ ನೋಡೋಣವೆಂದು ಇಗರ್ಜಿಗೆ ಹೋಗುವ ಬಟ್ಟೆ ಹಾಕಿಕೊಂಡು ಹೊರಟರು. ನಾನೂ ಹೊರಟೆ. ನನ್ನ ಅತ್ತೆ ಎರ್ಸೀಲಿಯಾ ಬರುತ್ತಾರೆಂದು ಮಾತ್ರ ನಾನು ಎಣಿಸಿರಲಿಲ್ಲ. ಆ ಮನೆಯ ಗೋಡೆ ಬಂದರೆ ಸಾಕು, ಅವರು ರಸ್ತೆ ದಾಟಿ ಎದುರು ಬದಿಯಲ್ಲಿ ನಡೆಯುತ್ತಿದ್ದರು. ಅವತ್ತು ಮಾತ್ರ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು.

"ಬರ್ತೀನಿ ನಡಿ ದೆಲಿಯಾ. ಆ ಮನುಷ್ಯ ನಿಜವಾಗ್ಲೂ ಸತ್ತಿದ್ದಾನೋ ಇಲ್ವೋ ಖಾತ್ರಿ ಮಾಡ್ಕೊಂಡು ಬರೋಣ."

ಹಾಲ್‌ನಲ್ಲಿ ಪಿಂಗಾಣಿ, ಗಡಿಯಾರ, ಬೆಳ್ಳಿ ಚಮಚಗಳ ಸುತ್ತ ಜನ ಸೇರಿದ್ದರು. ಅತ್ತೆ ಅದೊಂದನ್ನೂ ನೋಡದೆ ಹಿಂದಿನ ಕೋಣೆಗೆ ಹೋದರು. ಅದು ನೋಟರಿ ಓದುತ್ತಿದ್ದ ಕೋಣೆ. ಮೂರು ಗೋಡೆಗೂ ನೆಲದಿಂದ ಮೇಲ್ಛಾವಣಿಯವರೆಗೆ ಪುಸ್ತಕದ ಕಪಾಟು. ಅತ್ತೆ ಒಂದು ಪುಸ್ತಕ ತೆಗೆದು ತೆರೆದರು. ಇನ್ನೊಂದು ತೆಗೆದರು. ಮತ್ತೊಂದು. ಆಮೇಲೆ ಸಾಲಿನ ಮೇಲೆ ಸಾಲು ಎಳೆದು ನೆಲಕ್ಕೆ ಹಾಕತೊಡಗಿದರು. ನಾನು ಓಡಿಹೋಗಿ ಕೈ ಹಿಡಿದೆ.

"ಏನಾಯ್ತತ್ತೆ?"

ಮೊದಲ ಪುಟದಲ್ಲಿ ನೇರಳೆ ಬಣ್ಣದ ಮೊಹರು. 'ರೈಲ್ವೆ ಕೆಲಸಗಾರರ ಗ್ರಂಥಾಲಯ, ಲಾಸ್ ಸೌಸೆಸ್.' ಎಲ್ಲದರಲ್ಲೂ ಅದೇ. ಒಂದನ್ನೂ ಹರಿದಿರಲಿಲ್ಲ, ಒಂದನ್ನೂ ಕೆರೆದಿರಲಿಲ್ಲ.

"ಅಳಿಸೋ ಕಷ್ಟಾನೂ ತಗೊಂಡಿಲ್ಲ ನೋಡು," ಎಂದರು ಅತ್ತೆ. "ಅಷ್ಟು ಧೈರ್ಯ ಬೋಳಿಮಗನಿಗೆ. ಕೇಳೋರು ಯಾರೂ ಇಲ್ಲ ಅಂತ."

ಈ ಪುಸ್ತಕಗಳ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಆದರೆ ಯಾರೂ ಜೋರಾಗಿ ಹೇಳುವುದಿಲ್ಲ. ರೈಲ್ವೆ ವರ್ಕ್‌ಶಾಪಿನ ಕೆಲಸಗಾರರು ತಮ್ಮ ಸಂಬಳದಲ್ಲಿ ಅಷ್ಟಿಷ್ಟು ಹಾಕಿ ಕಟ್ಟಿದ ಗ್ರಂಥಾಲಯ ಅದು. ಲೇತ್ ಯಂತ್ರದ ಮೇಲೆ ದುಡಿಯುತ್ತಿದ್ದ ಅನ್ಸೆಲ್ಮೊ ಕಾರ್ದೋಸೊ ಅದರ ಅಧ್ಯಕ್ಷ. ಅತ್ತೆ ಗ್ರಂಥಪಾಲಕಿ. ಮಿಲಿಟರಿ ಆಡಳಿತ ಬಂದ ವರ್ಷ, ಎಪ್ಪತ್ತಾರರ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ ಬಾಗಿಲಿಗೆ ಲಾರಿ ಬಂತು. ಹೊಸ ಸರ್ಕಾರ ಊರಿನ ಮುಖ್ಯಸ್ಥನನ್ನಾಗಿ ಕೂರಿಸಿದ್ದ ಇತುರಾಲ್ದೆ ಕೋಟಿನ ಜೇಬಿಗೆ ಕೈಯಿಟ್ಟು ನಿಂತು ಕಣ್ಣಲ್ಲೇ ತೋರಿಸುತ್ತಿದ್ದ. ಸೈನಿಕರು ಪುಸ್ತಕಗಳನ್ನು ಗೋಣಿಗೆ ತುಂಬುತ್ತಿದ್ದರು. ಅದೇ ಬೆಳಿಗ್ಗೆ ವರ್ಕ್‌ಶಾಪಿನಿಂದ ಅನ್ಸೆಲ್ಮೊನನ್ನು ಒಯ್ದರು. ದಂಗೆಯ ಪುಸ್ತಕ ಹಂಚುತ್ತಿದ್ದ ಎಂಬುದು ಅವನ ಮೇಲಿನ ಆರೋಪ. ಅವನು ಮರಳಿ ಬರಲಿಲ್ಲ. ಅವನ ತಂಗಿ ರಮೋನಾ ಸ್ಟೇಷನ್ನಿನ ಹಿಂದಿನ ಅದೇ ಮನೆಯಲ್ಲಿ ಇವತ್ತಿಗೂ ಇದ್ದಾಳೆ; ಅಣ್ಣ ಬಂದರೆ ದಾರಿ ತಪ್ಪಬಾರದೆಂದು ಮನೆಯ ಬಣ್ಣವನ್ನೂ ಬದಲಿಸಿಲ್ಲ.

ಪುಸ್ತಕಗಳನ್ನು ನದಿ ದಂಡೆಯಲ್ಲಿ ಸುಟ್ಟೆವೆಂದು ಹೇಳಿದರು. ಮರುವರ್ಷ ಇತುರಾಲ್ದೆ ಅತ್ತೆಯನ್ನು ಕಚೇರಿಗೆ ಕರೆಸಿ, ಗ್ರಂಥಾಲಯದ ವರದಿ ಬರೆಯಲು ಹೇಳಿದ. ಅತ್ತೆ 'ಒಯ್ದಿದ್ದಾರೆ' ಎಂದು ಬರೆದರು. ಅವನು ಆ ಪದವನ್ನು ಹೊಡೆದುಹಾಕಿ ಪೆನ್ನನ್ನು ಮತ್ತೆ ಅವರ ಕೈಗೇ ಕೊಟ್ಟ. "ಕಳೆದುಹೋಗಿವೆ ಅಂತ ಬರಿ ಸೆನ್ಯೋರಾ. ಗ್ರಂಥಾಲಯದಲ್ಲಿ ಪುಸ್ತಕ ಕಳೀತವೆ, ಅದರಲ್ಲೇನಿದೆ." ಅತ್ತೆ ಬರೆದರು. ಆ ಕೈಯನ್ನು ಕತ್ತರಿಸಿ ಹಾಕಬೇಕಿತ್ತು ಎಂದು ಅವರು ಅನ್ನುವುದನ್ನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ಮಿಲಿಟರಿ ಹೋದ ಮೇಲೆ ಸ್ಟೇಷನ್ನಿನ ಪಾರ್ಸೆಲ್ ಕೋಣೆಯಲ್ಲಿ, ಯಾರ್‍ಯಾರೋ ಕೊಟ್ಟ ಹಳೆ ಪುಸ್ತಕಗಳನ್ನಿಟ್ಟು ಗ್ರಂಥಾಲಯವನ್ನು ಮತ್ತೆ ತೆರೆದರು. ಅದರ ಬೀಗದ ಕೈ ಇಂದಿಗೂ ಅತ್ತೆಯದೇ.

ಸದ್ದು ಕೇಳಿ ಕೊನ್ಸುಯೇಲೊ ಬಂದಳು. ಅರವತ್ತರ ಹತ್ತಿರದ ಹೆಂಗಸು, ಮೆದು ಮಾತು. ನೆಲದ ಮೇಲೆ ಬಿದ್ದ ಪುಸ್ತಕಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಇದೇನ್ ಸೆನ್ಯೋರಾ, ಹೀಗಾ ನೋಡೋದು?"

"ಇವು ನಮ್ಮ ಗ್ರಂಥಾಲಯದ್ದು. ಗೋಣಿಚೀಲ ಇದ್ರೆ ಕೊಡಿ, ತಗೊಂಡ್ಹೋಗ್ತೀನಿ. ಇಲ್ಲಿಗೆ ಬಂದಿದ್ದೂ ಗೋಣೀಲೇ."

ಕೊನ್ಸುಯೇಲೊ ಬಗ್ಗಿ ಒಂದು ಪುಸ್ತಕ ಎತ್ತಿ ಕಪಾಟಿಗೆ ಸೇರಿಸಿದಳು. "ಅಪ್ಪ ಇವನ್ನ ಉಳಿಸಿದ್ರು," ಎಂದಳು. "ಅವರಿಲ್ದಿದ್ರೆ ಸೈನಿಕರು ಸುಟ್ಟು ಬೂದಿ ಮಾಡಿರೋರು. ನೀವು ಅವರಿಗೆ ಥ್ಯಾಂಕ್ಸ್ ಹೇಳ್ಬೇಕು."

"ಉಳಿಸಿದೋನು ವಾಪಸ್ ಕೊಡ್ತಾನೆ ಕಣಮ್ಮಾ! ಮಿಲಿಟರಿ ತೊಲಗಿ ಎಷ್ಟು ಕಾಲ ಆಯ್ತು? ಈ ಮನೆಯಿಂದ ಸ್ಟೇಷನ್ನಿಗೆ ಎರಡು ಬೀದಿ. ನಿಮ್ಮಪ್ಪನ ಕಾಲಿಗೇನಾಗಿತ್ತು? ಈ ಪುಸ್ತಕ ಓದಿದ್ದು ತಪ್ಪು ಅಂತ ಒಬ್ಬ ಮನುಷ್ಯನ್ನೇ ಮಾಯ ಮಾಡಿ, ಅದೇ ಪುಸ್ತಕಾನ ಕಾಲು ಚಾಚ್ಕೊಂಡು ಓದ್ದನಲ್ಲ ನಿಮ್ಮಪ್ಪ, ರುಚಿಯಾಗಿತ್ತಾ?"

"ನನ್ನ ಮನೆಯಿಂದ ಹೊರಗೆ ಹೋಗಿ," ಎಂದಳು ಕೊನ್ಸುಯೇಲೊ. ಹಾಲ್‌ನಲ್ಲಿದ್ದವರು ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಅವರನ್ನೆಲ್ಲ ಒಂದು ಸುತ್ತು ನೋಡಿ, "ನೋಡ್ತಾ ನಿಂತ್ಕೊಳ್ಳಿ. ಆವತ್ತೂ ಹೀಗೇ ನಿಂತಿದ್ರಿ," ಎಂದು ಹೊರಬಂದರು.

ಮನೆಗೆ ಬಂದಾಗ ನನ್ನ ಮಾವ ಸೆವೆರೀನೊ ಹಿತ್ತಲಲ್ಲಿ ಮಾಟೆ ಕಷಾಯಕ್ಕೆ ನೀರು ಕಾಯಿಸುತ್ತಿದ್ದರು. ಮಾವ ಬಡಗಿ. ಕೈ ನಡುಗುವುದಕ್ಕೆ ಶುರುವಾದ ಮೇಲೆ ಕೆಲಸ ಬಿಟ್ಟಿದ್ದರು, ಆದರೂ ಹಿತ್ತಲ ಶೆಡ್ಡಿನಲ್ಲೇ ಹೊತ್ತು ಕಳೆಯುತ್ತಿದ್ದರು. ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಮಾವ ಕೇಳಿಸಿಕೊಂಡು ಕೆಟಲ್ ಕೆಳಗಿಟ್ಟರು.

"ಬಿಟ್ಬಿಡು ಮುದುಕಿ. ಸತ್ತೋನ ಜೊತೆ ಜಗಳ ಯಾಕೆ?"

"ಸತ್ತೋನ ಜೊತೆ ಅಲ್ಲ, ಅವನು ನುಂಗಿದ್ದನ್ನ ಮಾರೋರ ಜೊತೆ."

"ಹಳೇ ಕಾಗದ. ಹುಳ ತಿಂದಿರತ್ತೆ."

"ಏನ್ ಮನುಷ್ಯನೋ ನೀನು! ನಿನ್ನ ಮೈಯಲ್ಲಿ ರಕ್ತ ಇದ್ಯಾ, ಮರದ ಹೊಟ್ಟು ತುಂಬಿದ್ಯಾ?" ಎಂದು ಅತ್ತೆ ರೇಗಿದರು. ಮಾವ ಎದ್ದು ಶೆಡ್ಡಿಗೆ ಹೋದರು. ಮೊದಲಿನಿಂದಲೂ ಜಗಳಕ್ಕೆ ಹಿಂಜರಿಯುವವರು, ಅದಕ್ಕೇ ಹೀಗೆ ಎಂದು ನಾನು ತಿಳಿದೆ.

ಮರುದಿನವೇ ಅತ್ತೆ ವಕೀಲ ಫೌಸ್ತೀನೊನ ಬಳಿ ಹೋದರು. ಅವನ ಅಜ್ಜ ವರ್ಕ್‌ಶಾಪಿನಲ್ಲಿ ಬಾಯ್ಲರ್ ಕೆಲಸ ಮಾಡಿದವನು, ಗ್ರಂಥಾಲಯದ ಹಳೆಯ ಸದಸ್ಯ. ಫೌಸ್ತೀನೊ ಮೊದಲು ಮಾರಾಟ ನಿಲ್ಲಿಸಲು ಕೋರ್ಟಿನಿಂದ ತಡೆ ತಂದ. ಆಮೇಲೆ ನಮ್ಮನ್ನು ಕೂರಿಸಿಕೊಂಡು ಮುಖ ಸಣ್ಣ ಮಾಡಿದ.

"ಒಂದು ಮಾತು ಹೇಳ್ತೀನಿ, ಬೈಬೇಡಿ. ಕದ್ದ ಮಾಲೇ ಆಗ್ಲಿ, ಇಪ್ಪತ್ತು ವರ್ಷ ತನ್ನದು ಅಂತ ಇಟ್ಕೊಂಡ್ರೆ ಕಾನೂನಿನ ಪ್ರಕಾರ ಅದು ಅವನದೇ ಆಗ್ಬಿಡತ್ತೆ."

"ಕಳ್ಳನಿಗೆ?"

"ಕಳ್ಳನಿಗೂ."

ಅತ್ತೆ ಮೇಜು ಗುದ್ದಿದ ಏಟಿಗೆ ಅವನ ಕಾಫಿ ಚೆಲ್ಲಿತು. "ಯಾವ ಕಳ್ಳ ಬರೆದ ಕಾನೂನಪ್ಪಾ ಇದು?"

"ಪೂರ್ತಿ ಕೇಳಿ. ಬಚ್ಚಿಟ್ಕೊಂಡ್ರೆ ಆ ವರ್ಷಗಳು ಲೆಕ್ಕಕ್ಕೆ ಬರಲ್ಲ. ನಾಲ್ಕು ಜನಕ್ಕೆ ಗೊತ್ತಾಗೋ ಹಾಗೆ, ಹೆದರಿಕೆ ಬೆದರಿಕೆ ಇಲ್ದೆ ಇಟ್ಕೊಂಡಿರ್ಬೇಕು. ಮಾಲೀಕನಿಗೆ ಬಂದು ಕೇಳೋ ದಾರಿ ಇರ್ಬೇಕು. ಆ ಕೋಣೆಗೆ ಊರಿನವರು ಯಾರೂ ಕಾಲಿಟ್ಟಿಲ್ಲ ಅಂದ್ರೆ ನಾವು ಗೆಲ್ತೀವಿ. ಅವರು ಇನ್ನೊಂದು ಹೇಳ್ತಾರೆ, ನೀವೇ 'ಕಳೆದುಹೋಗಿವೆ' ಅಂತ ಬರೆದು ಕೊಟ್ಟಿದೀರಿ, ಅಂದ್ರೆ ಬಿಟ್ಟುಕೊಟ್ರಿ ಅಂತ."

"ಕಳೆದದ್ದಕ್ಕೂ ಬಿಟ್ಟಿದ್ದಕ್ಕೂ ವ್ಯತ್ಯಾಸ ಗೊತ್ತಿಲ್ವಾ ಅವರಿಗೆ? ರಮೋನಾನ್ನ ಕೇಳು ಅನ್ನು. ಅಣ್ಣನ್ನ ಕಳ್ಕೊಂಡಳಾ, ಬಿಟ್ಟಳಾ ಅಂತ."

ಮೊಕದ್ದಮೆ ಚಳಿಗಾಲದಲ್ಲಿ ಕೋರ್ಟಿಗೆ ಬಂತು. ನ್ಯಾಯಾಧೀಶೆ ಸಾಂತಾ ಫೆಯಿಂದ ಬಂದಿದ್ದ ನಡುವಯಸ್ಸಿನ ಹೆಂಗಸು. ಚಳಿ ತಾಳದೆ ಕೋಟು ತೆಗೆಯದೇ ಕೂತಿದ್ದಳು. ಗ್ರಂಥಾಲಯದ ಹಳೆ ಸದಸ್ಯರಲ್ಲಿ ಉಳಿದವರೆಲ್ಲ ಬಂದಿದ್ದರು. ರಮೋನಾ ಮುಂದಿನ ಬೆಂಚಿನಲ್ಲಿ, ಅತ್ತೆಯ ಪಕ್ಕ. ಅತ್ತೆ ಸಾಕ್ಷಿ ಹೇಳಿದರು. ಲಾರಿ, ಗೋಣಿ, ಹೊಡೆದುಹಾಕಿದ ಪದ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಆಮೇಲೆ ಕೊನ್ಸುಯೇಲೊಳ ವಕೀಲ ಎದ್ದ. ರೊಸಾರಿಯೊದವನು, ಹೊಳೆಯುವ ಶೂ.

"ಆ ಕೋಣೆಯನ್ನು ಊರಿನವರು ಯಾರೂ ನೋಡಿಲ್ಲ ಎಂದು ಎದುರು ಪಕ್ಷ ಹೇಳುತ್ತಿದೆ. ನಮ್ಮ ಸಾಕ್ಷಿಯನ್ನು ಕರೆಯುತ್ತೇನೆ. ಆ ಕಪಾಟುಗಳನ್ನು ಮಾಡಿದ ಬಡಗಿ."

ಬಾಗಿಲು ತೆರೆದು ಮಾವ ಒಳಗೆ ಬಂದರು.

ನಾನು ಅತ್ತೆಯ ಮುಖ ನೋಡಿದೆ. ಅವರಿಗಿನ್ನೂ ಅರ್ಥವಾಗಿರಲಿಲ್ಲ. ಗಂಡ ತಮಗಾಗಿ ಬಂದಿದ್ದಾರೆಂದುಕೊಂಡು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ಮಾವ ಅತ್ತ ನೋಡದೆ ಸಾಕ್ಷಿಯ ಕುರ್ಚಿಯಲ್ಲಿ ಕೂತು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು.

"ದೋನ್ ಸೆವೆರೀನೊ, ನೋಟರಿಯವರ ಮನೆಗೆ ಕಪಾಟು ಮಾಡಿದ್ದು ನೀವೇನಾ? ಅವರ ಮಗಳಿಗೆ ನಿಮ್ಮ ನೆನಪಿದೆ."

"ನಾನೇ."

"ಯಾವಾಗ?"

"ಪುಸ್ತಕ ಒಯ್ದ ವರ್ಷಾನೇ. ವಸಂತ ಶುರುವಾಗಿತ್ತು."

"ಪುಸ್ತಕಗಳನ್ನ ನೋಡಿದ್ರಾ?"

"ಅಳತೆ ಬೇಕಿತ್ತಲ್ಲ. ಒಂದೊಂದೇ ತೆಗೆದು ಎತ್ತರ ಅಳೆದು ಹಲಗೆ ಕೊಯ್ದೆ. ಜೋಡಿಸಿದ್ದೂ ನಾನೇ."

"ಮೊಹರು?"

"ನೋಡ್ದೆ."

ವಕೀಲ ನ್ಯಾಯಾಧೀಶೆಯ ಕಡೆ ತಿರುಗಿ ಕೈ ಚಾಚಿದ. "ಗ್ರಂಥಪಾಲಕಿಯ ಗಂಡನಿಗೇ ಗೊತ್ತಿತ್ತು! ಇದಕ್ಕಿಂತ ಬಹಿರಂಗ ಯಾವುದಿದೆ?"

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಅತ್ತೆ ಮಾತ್ರ ಅಲುಗಲಿಲ್ಲ. ಆ ವರ್ಷ ಮಾವ ನೋಟರಿಯ ಮನೆಗೆ ಬಟ್ಟೆಯ ಬೀರು ಮಾಡಲು ಹೋಗುತ್ತೇನೆಂದಿದ್ದರಂತೆ. ಅತ್ತೆ ಅದಕ್ಕೂ ಬೈದಿದ್ದರಂತೆ, ಆಮೇಲೆ ಹೊಟ್ಟೆಪಾಡು ಎಂದು ಸುಮ್ಮನಾಗಿದ್ದರಂತೆ.

ನ್ಯಾಯಾಧೀಶೆ ವಕೀಲನನ್ನು ಕೂರಲು ಹೇಳಿ ತಾನೇ ಕೇಳಿದಳು. "ಮೊಹರು ನೋಡಿದಾಗ ನೀವೇನು ಮಾಡಿದ್ರಿ?"

ಮಾವ ಟೋಪಿಯನ್ನು ತಿರುಗಿಸುತ್ತಾ ಕೂತರು. "ಪುಸ್ತಕ ಹಿಡ್ಕೊಂಡು ನಿಂತ್ಬಿಟ್ಟೆ ಮೇಡಂ. ಅವನು ಹಿಂದೆ ಬಂದು ನಿಂತಿದ್ದು ಗೊತ್ತಾಗ್ಲಿಲ್ಲ. 'ಏನ್ ಬರ್ದಿದೆ, ಜೋರಾಗಿ ಓದು' ಅಂದ. ಓದ್ದೆ. 'ಹೆಂಡ್ತಿಗೆ ಹೇಳ್ತೀಯಾ?' ಅಂದ. ನಾನು ಪುಸ್ತಕ ಮುಚ್ದೆ. 'ಹೇಳು, ಬಂದು ಕೇಳ್ಲಿ. ಅನ್ಸೆಲ್ಮೊನೂ ಹಾಗೇ, ಏನಿದ್ರೂ ಮುಖದ ಮೇಲೆ ಕೇಳ್ತಿದ್ದ. ನಿನ್ನ ಮಗ ರೂಬೆನ್ ಸ್ಕೂಲಿಗೆ ನದಿ ದಾರೀಲಿ ಒಬ್ಬನೇ ಹೋಗ್ತಾನಲ್ವಾ?' ಅಂದ. ನನ್ನ ಹುಡುಗನ ಹೆಸರು ಅವನಿಗೆ ಗೊತ್ತಿತ್ತು. ನಾನು ಹೇಳಿರ್ಲಿಲ್ಲ."

"ಆಮೇಲೆ?"

"ಉಳಿ ಕೈಲೇ ಇತ್ತು. ಮತ್ತೆ ಹಲಗೆ ಕೊಯ್ದೆ. ಒಂದು ಕೂದಲು ತೂರದ ಹಾಗೆ ಕೀಲು ಕೂರಿಸ್ದೆ. ಕೂಲಿ ಕೊಟ್ಟ, ತಗೊಂಡೆ. ಆ ದುಡ್ಡಲ್ಲೇ ಹುಡುಗನಿಗೆ ಉಣ್ಣೆ ಕೋಟು ತಂದೆ."

ನನ್ನ ಪಕ್ಕದಲ್ಲಿದ್ದ ನನ್ನ ಗಂಡ ರೂಬೆನ್ ಮುಖ ಮುಚ್ಚಿಕೊಂಡ.

"ಮಿಲಿಟರಿ ಹೋದ್ಮೇಲೆ?" ಕೇಳಿದ್ದು ನ್ಯಾಯಾಧೀಶೆಯಲ್ಲ, ಅತ್ತೆ. ಎದ್ದು ನಿಂತಿದ್ದರು. "ಆಮೇಲೆ ಯಾಕೆ ಬಾಯಿ ಬಿಡ್ಲಿಲ್ಲ? ಆಮೇಲೆ ಏನ್ ಬಂದಿತ್ತು ನಿಂಗೆ? ಪ್ರತಿ ವರ್ಷ ಆ ದಿನ ನಾನು ಅಳೋದು ನೋಡ್ಕೊಂಡು ಪಕ್ಕದಲ್ಲೇ ಮಲಗಿದ್ಯಲ್ಲ!"

"ಕೂತ್ಕೊಳ್ಳಿ ಸೆನ್ಯೋರಾ," ಎಂದಳು ನ್ಯಾಯಾಧೀಶೆ. ಅತ್ತೆ ಕೂರಲಿಲ್ಲ. ಮಾವ ಮೊದಲ ಸಲ ತಲೆಯೆತ್ತಿ ಹೆಂಡತಿಯನ್ನು ನೋಡಿದರು.

"ಮೊದಲು ಅವನಿಗೆ ಹೆದರ್ತಿದ್ದೆ," ಎಂದರು. "ಆಮೇಲೆ ನಿನಗೆ."

ತೀರ್ಪು ಬರಲು ವಸಂತವಾಯಿತು. ಹುಡುಗನ ಹೆಸರೆತ್ತಿ ಬಾಯಿ ಮುಚ್ಚಿಸಿದ ಮೇಲೆ ಅದನ್ನು ಬಹಿರಂಗ ಎನ್ನಲಾಗದು; ಆಮೇಲೂ ನೋಟರಿ ಆ ಕೋಣೆಗೆ ಗ್ರಂಥಾಲಯದ ಯಾರನ್ನೂ ಬಿಟ್ಟುಕೊಂಡಿಲ್ಲ, ಹಾಗಾಗಿ ಅವನ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ; 'ಕಳೆದುಹೋಗಿವೆ' ಎಂದು ಬರೆಸಿಕೊಂಡದ್ದು ಬಿಟ್ಟುಕೊಟ್ಟಂತಲ್ಲ; ಪುಸ್ತಕಗಳು ಎಂದೂ ಗ್ರಂಥಾಲಯದವೇ. ನಾವು ಗೆದ್ದದ್ದು ಮಾವನ ಸಾಕ್ಷಿಯಿಂದಲೇ. ಫೌಸ್ತೀನೊ ಅದನ್ನು ಅತ್ತೆಗೆ ಬಿಡಿಸಿ ಹೇಳಿದ. ಅತ್ತೆ, "ಗೊತ್ತಾಯ್ತು, ನಾನೇನು ದಡ್ಡಿಯಲ್ಲ," ಎಂದರು.

ಕೊನ್ಸುಯೇಲೊ ತಕರಾರು ಮಾಡಲಿಲ್ಲ. ಸಾಕ್ಷಿಯ ದಿನದ ನಂತರ ಅವಳು ಊರಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪುಸ್ತಕ ತರಲು ಹೋದಾಗ ಅವಳೇ ಬಾಗಿಲು ತೆರೆದಳು. ಮುಖ ಇಳಿದಿತ್ತು. "ಕಪಾಟೂ ತಗೊಂಡ್ಹೋಗಿ ಸೆನ್ಯೋರಾ. ಗಟ್ಟಿ ಮರ. ನಂಗೆ ಅದು ಈ ಮನೇಲಿರೋದು ಬೇಡ."

"ನಂಗೂ ಬೇಡ. ಒಡೆದು ಒಲೆಗೆ ಹಾಕು," ಎಂದರು ಅತ್ತೆ.

ಹಾಗಾಗಿ ಪುಸ್ತಕಗಳು ಬಹಳ ದಿನ ಪಾರ್ಸೆಲ್ ಕೋಣೆಯ ನೆಲದ ಮೇಲೆ, ಚಾಪೆ ಹಾಸಿ ರಾಶಿ ಬಿದ್ದಿದ್ದವು. ಕೊನೆಗೆ ಸದಸ್ಯರು ಮುಚ್ಚಿದ ಅಂಗಡಿಯೊಂದರ ಕಬ್ಬಿಣದ ಕಪಾಟು ತಂದು ನಿಲ್ಲಿಸಿ ಪುಸ್ತಕ ಜೋಡಿಸಿದರು. ಊರೇ ಹಬ್ಬ ಮಾಡಿತು. ಮಾರಾಟದ ದಿನ ಬಾಗಿಲಲ್ಲಿ ಮೂಗರಂತೆ ನಿಂತಿದ್ದವರು ಈಗ ಎಂಪನಾದಾ ಎಂಬ ಕಡುಬು ಹಿಡಿದುಕೊಂಡು ಬಂದು ಅತ್ತೆಯ ಕೆನ್ನೆಗೆ ಮುತ್ತಿಟ್ಟರು. ಅತ್ತೆ ಕಡುಬನ್ನು ತೆಗೆದುಕೊಂಡು ಕೆನ್ನೆ ಒರೆಸಿಕೊಂಡರು.

ಮನೆಯಲ್ಲಿ ಮಾವನಿಗೆ ಶೆಡ್ಡೇ ಗತಿಯಾಯಿತು. ಕೋರ್ಟಿನಿಂದ ಬಂದ ದಿನವೇ ಅತ್ತೆ ಅವರ ಹಾಸಿಗೆ, ದಿಂಬು, ಚಪ್ಪಲಿ ಎಲ್ಲವನ್ನೂ ಹಿತ್ತಲಿಗೆ ಎಸೆದಿದ್ದರು. ಅಡುಗೆ ಮಾಡುತ್ತಿದ್ದರು, ತಟ್ಟೆಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದರು. ರೂಬೆನ್ ಒಮ್ಮೆ ತಾಯಿಗೆ ಬುದ್ಧಿ ಹೇಳಲು ಹೋದ. "ಅಮ್ಮಾ, ಅಪ್ಪ ಮಾಡಿದ್ದು ನನಗೋಸ್ಕರ."

"ಗೊತ್ತು. ಅದಕ್ಕೇ ತಟ್ಟೆ ಹೋಗ್ತಿದೆ. ಇಲ್ದಿದ್ರೆ ಅದೂ ಇಲ್ಲ."

ಒಂದು ಸಂಜೆ ಮಾವ ಮುಖ ಕ್ಷೌರ ಮಾಡಿಕೊಂಡು, ಶರ್ಟು ಇಸ್ತ್ರಿ ಮಾಡಿಕೊಂಡು ಗ್ರಂಥಾಲಯಕ್ಕೆ ಬಂದರು. ನಾನು ಅಲ್ಲಿ ಪುಸ್ತಕಗಳಿಗೆ ಹೊಸ ರಟ್ಟು ಹಾಕುತ್ತಿದ್ದೆ. ರಮೋನಾ ಕಿಟಕಿಯ ಬಳಿ ಧೂಳು ಒರೆಸುತ್ತಿದ್ದಳು. ಮಾವ ಅತ್ತೆಯ ಮೇಜಿನ ಮುಂದೆ ಟೋಪಿ ತೆಗೆದು ನಿಂತರು.

"ನಂಗೆ ಸದಸ್ಯತ್ವ ಬೇಕು."

ಅತ್ತೆ ತಲೆಯೆತ್ತದೆ ಹೇಳಿದರು. "ಇಬ್ಬರು ಸದಸ್ಯರು ಶಿಫಾರಸು ಮಾಡ್ಬೇಕು. ಎಲ್ಲರಿಗೂ ಅದೇ ನಿಯಮ."

"ನಾನು ಮಾಡ್ತೀನಿ," ಎಂದೆ. ಅತ್ತೆ ನನ್ನತ್ತ ಕೆಂಡದಂತೆ ನೋಡಿದರು, ಆದರೆ ಬೇಡವೆನ್ನಲಿಲ್ಲ.

ಮಾವ ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು. ರಮೋನಾ ಬಟ್ಟೆಯನ್ನು ಮಡಿಚಿ ಕಿಟಕಿಯ ಮೇಲಿಟ್ಟಳು. ದನಿ ಎತ್ತರಿಸದೆ ಹೇಳಿದಳು.

"ನಿಮ್ಮ ಮಗ ಸ್ಕೂಲಿಗೆ ಹೋದ, ವಾಪಸ್ ಬಂದ. ಅದಕ್ಕೆ ನಂಗೆ ನಿಜವಾಗ್ಲೂ ಸಂತೋಷ, ಸೆವೆರೀನೊ. ನಿಮ್ಮ ಜಾಗದಲ್ಲಿ ನಾನಿದ್ರೆ ಏನ್ಮಾಡ್ತಿದ್ನೋ ಗೊತ್ತಿಲ್ಲ. ಆದ್ರೆ ಎಂಬತ್ಮೂರರಲ್ಲಿ ಮಿಲಿಟರಿ ಹೋದ್ಮೇಲೆ ಅಣ್ಣನ್ನ ಹುಡ್ಕೊಂಡು ನಾನು ಕಚೇರಿ ಕಚೇರಿ ಅಲೆದೆ. ಅವನ ಮೇಲೆ ಆ ಆರೋಪ ಹೊರಿಸಿದ್ದು ಯಾರು ಅಂತ ಕೇಳಿದ್ರೆ ಎಲ್ಲರೂ ಗೊತ್ತಿಲ್ಲ ಅಂತ ಕೈಯಲ್ಲಾಡಿಸಿದ್ರು. ಪುಸ್ತಕ ಎಲ್ಲಿದೆ ಅಂತ ನೀವು ಒಂದು ಮಾತು ಹೇಳಿದ್ದಿದ್ರೆ, ಅದೇ ಸಾಕ್ಷಿ ಅಂತ ಆ ಮನುಷ್ಯ ಬದುಕಿರುವಾಗ್ಲೇ ಅವನ ಕತ್ತಿನ ಪಟ್ಟಿ ಹಿಡಿದು ಕೇಳ್ತಿದ್ದೆ. ಈಗ ಯಾರನ್ನ ಕೇಳ್ಲಿ? ಶಿಫಾರಸು ನಾನು ಮಾಡಲ್ಲ. ಬೇರೆ ಯಾರನ್ನಾದ್ರೂ ಕೇಳಿ."

ಮಾವ ತಲೆಯಾಡಿಸಿ ಟೋಪಿ ಹಾಕಿಕೊಂಡು ಹೊರಟುಹೋದರು. ಬೇರೆ ಯಾರನ್ನೂ ಕೇಳಲಿಲ್ಲ. ಅತ್ತೆ ಏನೋ ಹೇಳಲು ಬಾಯಿ ತೆರೆದು, ರಮೋನಾಳ ಮುಖ ನೋಡಿ, ಮುಚ್ಚಿದರು. ಬೀಗ ಹಾಕಿ ಮನೆಯ ದಾರಿ ಹಿಡಿದರು.

ಅವತ್ತು ಊಟದ ಹೊತ್ತಿಗೆ ನಾನು ಎಂದಿನಂತೆ ಮಾವನ ತಟ್ಟೆ ಎತ್ತಿಕೊಂಡೆ. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತು ಮೇಜಿನ ಮೇಲೆ ಕುಕ್ಕಿದರು. ಹಿತ್ತಲ ಬಾಗಿಲಿಗೆ ಹೋಗಿ ಕೂಗಿದರು.

"ಮುದುಕಾ! ಬಂದು ಇಲ್ಲೇ ತಿನ್ನು."

ಮಾವ ಬಂದು ಬಾಗಿಲಲ್ಲೇ ನಿಂತರು, ಒಳಗೆ ಬರಬಹುದೋ ಬಾರದೋ ಎಂಬಂತೆ.

"ಕೋಪ ಹೋಯ್ತು ಅಂದ್ಕೋಬೇಡ," ಎಂದರು ಅತ್ತೆ ಸಾರು ಬಡಿಸುತ್ತಾ. "ಅದು ನನ್ನ ಜೊತೆ ಮಣ್ಣಿಗೇ ಹೋಗೋದು. ಹಾಸಿಗೆ ಶೆಡ್ಡಲ್ಲೇ ಇರ್ಲಿ. ಕೂತ್ಕೋ, ಆರ್ತಿದೆ."

ಮಾವ ಕೂತರು. ನಡುಗುವ ಕೈಯಲ್ಲಿ ಚಮಚ ತಟ್ಟೆಗೆ ಬಡಿಯುತ್ತಿತ್ತು. ಅತ್ತೆ ಎದುರಿಗೆ ಕೂತು ರೊಟ್ಟಿ ಮುರಿದು, ಅರ್ಧವನ್ನು ಅವರ ಕಡೆ ತಳ್ಳಿದರು.